ಅಕ್ಕನಿಗೆ ಬಾರದ ತೆರಿಗೆ

ನಾನು ಹರಪನಹಳ್ಳಿಯಲ್ಲಿ ಜನರ ತೆರಿಗೆ ರಿಟರ್ನ್ ತುಂಬಿಕೊಟ್ಟು ಹೊಟ್ಟೆ ಹೊರೆಯುವವನು. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಕಂಪ್ಯೂಟರ್, ಬೇಸಿಗೆಯಲ್ಲೇ ಕೈಕೊಡುವ ಒಂದು ಫ್ಯಾನು. ಈ ವೃತ್ತಿಯಲ್ಲಿ ಸುಳ್ಳು ಕೇಳಿಸಿಕೊಳ್ಳುವುದು ದಿನದ ಕೆಲಸ. ಆದರೆ ನಾನೇ ಹೇಳಿದ ಸುಳ್ಳೊಂದಿದೆ. ಹದಿನೈದು ಮಾರ್ಚ್ ತಿಂಗಳು, ತಪ್ಪದೆ, ಒಬ್ಬಳೇ ಹೆಂಗಸಿಗೆ ಅದನ್ನು ಹೇಳಿದೆ.

ಎದುರಿನ ಖಾನಾವಳಿಯ ಅಕ್ಕ ನನ್ನ ಒಡಹುಟ್ಟಿದವಳಲ್ಲ, ಊರಿಗೆಲ್ಲ ಅಕ್ಕ. ತವರು ಹಿರೇಹಡಗಲಿ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿಯಲು ಕೂತವಳು. ಮಕ್ಕಳಿಲ್ಲ. ಮಧ್ಯಾಹ್ನದ ನನ್ನ ಊಟ ಅಲ್ಲೇ. ಎರಡು ರೊಟ್ಟಿ ಕೇಳಿದರೆ ಮೂರು ಹಾಕಿ, ಎರಡಕ್ಕೇ ದುಡ್ಡು ತೆಗೆದುಕೊಳ್ಳುವ ವ್ಯಾಪಾರ ಅವಳದು.

ಬಹಳ ವರ್ಷಗಳ ಹಿಂದೆ ಒಂದು ದಿನ ಅವಳ ಅಣ್ಣ ಬೈಕಿನ ಕಂತಿಗೆಂದು ಬಂದ. ಜೀರಿಗೆ ಡಬ್ಬಿಯಲ್ಲಿ ಗ್ಯಾಸ್ ಸಿಲಿಂಡರಿಗೆ ಇಟ್ಟಿದ್ದ ಹಣವನ್ನು ಎಣಿಸದೆ ಕೊಟ್ಟಳು. ಮರುದಿನ ಕಟ್ಟಿಗೆ ಒಲೆ. ಅವಳ ಕಣ್ಣುಗಳು ಕೆಂಪಗಾಗಿದ್ದವು, ಬೇಳೆಸಾರೆಲ್ಲ ಹೊಗೆ ಹೊಗೆ. ನನಗೆ ಸಿಟ್ಟು ಬಂತು.

"ಅಕ್ಕಾ, ರೊಟ್ಟಿ ಬಡಿಯೋ ಕೈ ಸೋತ ದಿನ ಏನ್ ಮಾಡ್ತಿ? ಖಾನಾವಳಿಗೆ ಪೆನ್ಶನ್ ಇಲ್ಲ."

"ಅಣ್ಣ ಬಂದು ಕೇಳಿದ್ರ ಇಲ್ಲ ಅಂತ ಹೆಂಗ ಅನ್ಲೋ ತಮ್ಮಾ? ತವರುಮನಿ ಬಾಗ್ಲು ಮುಚ್ಚಿದಂಗ ಆಕ್ಕತಿ."

ಫ್ರಿಜ್ಜಿನ ಸಾಲಕ್ಕೆ ಬ್ಯಾಂಕಿನವರು ಕೇಳಿದ್ದರೆಂದು ಅವಳ ರಿಟರ್ನ್ ತುಂಬಿದ್ದು ನಾನೇ. ಅವಳ ಆದಾಯ ತೆರಿಗೆಯ ಗೆರೆ ಮುಟ್ಟುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಆದರೂ ಮುಖ ಗಂಟಿಕ್ಕಿಕೊಂಡು, "ಅಕ್ಕಾ, ಮಾರ್ಚ್ ಮುಗಿಯೋದ್ರೊಳಗ ಪಿಪಿಎಫ್‌ಗೆ ರೊಕ್ಕ ಹಾಕು. ಇಲ್ಲಾಂದ್ರ ತೆರಿಗಿಯವರು ಬರ್ತಾರ" ಅಂದೆ. ಪಿಪಿಎಫ್ ಅಂದರೆ ಹದಿನೈದು ವರ್ಷ ಕೂಡಿಡುವ ಖಾತೆ. ನಡುವೆ ಮನಸ್ಸು ಬಂದಂತೆ ಬಿಡಿಸಿಕೊಳ್ಳಲು ಆಗುವುದಿಲ್ಲ. ತೆರಿಗೆ ಕಟ್ಟುವವರಿಗೆ ಅದರಲ್ಲಿ ವಿನಾಯಿತಿ ಇದ್ದದ್ದು ನಿಜ. ಅಕ್ಕ ತೆರಿಗೆ ಕಟ್ಟುವವಳೇ ಅಲ್ಲ ಎಂಬುದನ್ನು ಮಾತ್ರ ನುಂಗಿಕೊಂಡೆ.

ಪಾಪ, ನಂಬಿ ಖಾತೆ ತೆರೆದಳು. ಅದಕ್ಕಿಂತ ಹೆಚ್ಚಾಗಿ, ಆ ಸುಳ್ಳು ಅವಳಿಗೆ ಹಿಡಿಸಿತು. ಯಾರೇ ಬಂದು ಕೇಳಲಿ, "ನಾ ಕೊಡ್ತಿದ್ದೆ ಯಪ್ಪಾ, ಸರಕಾರ ಬಿಡವಲ್ದು" ಅನ್ನತೊಡಗಿದಳು. ಸರಕಾರದ ಮೇಲೆ ಯಾರು ಮುನಿಸಿಕೊಳ್ಳುತ್ತಾರೆ? ಅಣ್ಣನೂ ಸರಕಾರಕ್ಕೆ ನಾಲ್ಕು ಬೈದು, ಉಂಡು ಹೋಗುತ್ತಿದ್ದ. ಒಳ್ಳೆಯ ಮನುಷ್ಯನೇ ಅವನು. ಕೇಳಿದರೆ ಸಿಗುತ್ತದೆ ಎಂಬುದು ರೂಢಿಯಾಗಿತ್ತು, ಅಷ್ಟೆ.

ಹೋದ ವರ್ಷ ಹೊಸ ತೆರಿಗೆ ಪದ್ಧತಿ ನನ್ನ ಸುಳ್ಳಿನ ಬುಡಕ್ಕೇ ಕೊಡಲಿ ಹಾಕಿತು. ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲವೆಂದು ಟೀವಿ ಬಡಕೊಂಡಿದ್ದೇ ಬಡಕೊಂಡಿದ್ದು. ಏಪ್ರಿಲಿನಲ್ಲಿ ಅಕ್ಕನ ಖಾತೆಗೂ ಹದಿನೈದು ವರ್ಷ ತುಂಬಿತು. ನಾನು ಊಟಕ್ಕೆ ಕೂತಿದ್ದಾಗಲೇ ಅಣ್ಣ ಬಂದ. ಮೆಕ್ಕೆಜೋಳ ಒಕ್ಕುವ ಮಿಷನ್ನೊಂದು ಸೆಕೆಂಡ್ ಹ್ಯಾಂಡಿಗೆ ಬಂದಿತ್ತಂತೆ.

"ಸಾಹೇಬ್ರ, ತೆರಿಗಿನ ಇಲ್ಲಂದ ಮ್ಯಾಲೆ ನಮ್ಮ ತಂಗಿ ರೊಕ್ಕ ಅಲ್ಲಿ ಯಾಕ ಇರಬೇಕ್ರಿ? ಪೂರಾ ಬಿಡಿಸಿಕೊಡ್ರಿ."

ಅಕ್ಕ ರೊಟ್ಟಿ ಬಡಿಯುತ್ತಲೇ ನನ್ನತ್ತ ನೋಡಿದಳು. ಇನ್ನೊಂದು ರೂಲ್ಸ್ ತೆಗಿ ತಮ್ಮಾ ಅನ್ನುವ ನೋಟ ಅದು. ರೂಲ್ಸಿಗೇನು ಬರ? ಒಂದು ಸುಳ್ಳು ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಅರವತ್ತು ದಾಟಿದ ಹೆಂಗಸು ನನ್ನ ಬಾಯಿ ನೋಡುತ್ತಿರುವುದನ್ನು ಕಂಡು ನನಗೇ ನಾಚಿಕೆಯಾಯಿತು.

"ಅಕ್ಕಾ, ನಿನಗ ಯಾವತ್ತೂ ತೆರಿಗಿ ಇರಲಿಲ್ಲ. ನೀ ಕೂಡಿಡ್ಲಿ ಅಂತ ನಾನ ಸುಳ್ಳು ಹೇಳಿದ್ದೆ."

ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವಳು ತಿರುವಲಿಲ್ಲ.

"ನಿನ್ನ ಮಾತು ಕೇಳಿ ನಾನೂ ಅಣ್ಣಗ ಇಷ್ಟು ವರ್ಷ ಸುಳ್ಳು ಹೇಳಿದಂಗಾತಲ್ಲೋ!" ಅಂದಳು. ಬಯ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅಣ್ಣನ ಕಡೆ ತಿರುಗಿದಳು.

"ಅಣ್ಣಾ, ಸರಕಾರ ಬ್ಯಾಡ ಅಂದಿಲ್ಲಂತ. ಈಗ ನಾನ ಅಂತೀನಿ. ಆ ರೊಕ್ಕ ಕೊಡಂಗಿಲ್ಲ. ಅದು ನನ್ನ ಮುಪ್ಪಿನ ಊಟ."

ಅಣ್ಣ ತಲೆ ತಗ್ಗಿಸಿದ. ಎದ್ದೇ ಹೋಗುತ್ತಾನೆ ಅಂದುಕೊಂಡೆ. ಅಕ್ಕ ಬಿಸಿ ರೊಟ್ಟಿ ತಂದು ಅವನ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು, "ಉಣ್ಣು" ಅಂದಳು. ಅವನು ಉಂಡ. ತವರುಮನೆ ಬಾಗಿಲು ಮುಚ್ಚಲಿಲ್ಲ.

ನನಗೆ ಮಾತ್ರ ಎಂಟು ದಿನ ಶಿಕ್ಷೆ: ಎರಡು ಕೇಳಿದರೆ ಎರಡೇ ರೊಟ್ಟಿ. ಒಂಬತ್ತನೆಯ ದಿನ ಮೊಣಕಾಲು ಹಿಡಿದುಕೊಂಡು ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದಳು. ಪಾಸ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟಳು.

"ಇನ್ನೂ ಐದು ವರ್ಷ ಮುಂದುವರಸಾಕ ಬರತೈತಂತಲ್ಲ, ಆ ಫಾರಂ ತುಂಬು. ಆದ್ರ ಮಾರ್ಚ್ ಬಂತಂದ್ರ ನೀ ಬಂದು ಹೆದರಸ್ಬೇಕು ನೋಡು. ಹೆದರಸೋರು ಇಲ್ಲಾಂದ್ರ ನನ್ನ ಕೈಯಾಗ ರೊಕ್ಕ ನಿಲ್ಲಂಗಿಲ್ಲ."

ಈ ಮಾರ್ಚ್‌ನಲ್ಲಿ ಹೋದೆ. ಬಾಗಿಲಲ್ಲೇ ನಿಂತು ಮುಖ ಗಂಟಿಕ್ಕಿಕೊಂಡು, "ಅಕ್ಕಾ, ತೆರಿಗಿಯವರು ಬರ್ತಾರ" ಅಂದೆ.

"ಬರ್ಲಿ ಬಿಡು, ಉಂಡು ಹೋಗ್ಲಿ" ಅಂದಳು ಅಕ್ಕ, ಜೀರಿಗೆ ಡಬ್ಬಿಗೆ ಕೈ ಹಾಕುತ್ತ.