ನಜಮುನ್ನಿಸಾ ಆಡಬಾರದಿದ್ದ ಮಾತು

ನಜಮುನ್ನಿಸಾ ಬಳೆ ಇಡದ ಮನೆ ಹಿರೋಳ್ಳಿಯಲ್ಲಿ ಇಲ್ಲವೆಂದೇ ಹೇಳಬೇಕು. ಆಳಂದದಿಂದ ಬಸ್ಸಿನಲ್ಲಿ ಬುಟ್ಟಿ ಹೊತ್ತು ಬರುವುದು ಮೂವತ್ತು ವರ್ಷದ ಪರಿಪಾಠ. ಇಷ್ಟು ವರ್ಷದಲ್ಲಿ ಬಳೆ ‘ಒಡೆಯಿತು’ ಎಂದವಳಲ್ಲ. ಕೈಯಲ್ಲೇ ಚೂರಾದರೂ ‘ಹೆಚ್ಚಿದಾವ’ ಅನ್ನಬೇಕು. ಮುತ್ತೈದೆಯ ಮುಂದೆ ಬೇರೆ ಮಾತಾಡಿದರೆ ಅವಳ ಗಂಡನಿಗೆ ಕೇಡು ಎಂದು ನಜಮುನ್ನಿಸಾಳಿಗೆ ಅವಳ ಅತ್ತೆ ಕಲಿಸಿದ್ದಳು.

ಶಾಲೆಯ ಕನ್ನಡ ಟೀಚರ್ ರಾಧಿಕಾ ಇದನ್ನು ಪಾಠಕ್ಕೇ ಎಳೆದುಕೊಂಡಿದ್ದಳು. “ಚಾಚಿ, ನಿಮ್ಮ ಮಾತು ಮಕ್ಕಳಿಗೆ ಹೇಳಿದ್ನಿರಿ. ನಿಘಂಟಿನ್ಯಾಗಿನ ಅರ್ಥ ಒಂದು, ಮನಸಿಗೆ ತಟ್ಟೋ ಅರ್ಥ ಇನ್ನೊಂದು. ಏನಂದ್ರೂ ಚೂರಂತೂ ಚೂರೇ ಅಲ್ಲೇನ್ರಿ?” ಎಂದು ನಕ್ಕಿದ್ದಳು.

ಇವತ್ತು ಆ ನಗು ಇರಲಿಲ್ಲ. ರಾಧಿಕಾಳ ಗಂಡ ಸತೀಶಕುಮಾರನಿಗೆ ಸೊಲ್ಲಾಪುರದಲ್ಲಿ ಹೃದಯದ ಆಪರೇಷನ್. ಏಳು ತಿಂಗಳ ಬಸುರಿ ಎಂದು ಇವಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಕೈತುಂಬ ಹಸಿರು ಬಳೆ ಇಡಿಸಿಕೋ ಎಂದು ಅತ್ತೆ ಆಸ್ಪತ್ರೆಯಿಂದಲೇ ಫೋನು ಮಾಡಿದ್ದಳು. ಕೈ ಊದಿಕೊಂಡಿತ್ತು. ಐದನೆಯ ಬಳೆ ಏರಿಸುವಾಗ ಟಪ್ಪೆಂದಿತು.

“ಅಯ್ಯ, ಒಡೀತು!” ಅಂದುಬಿಟ್ಟಳು ನಜಮುನ್ನಿಸಾ.

ಸುಡುಗಾಡು ನಾಲಿಗೆ! ಜಾರುವುದಕ್ಕೆ ಇವತ್ತೇ ಬೇಕಿತ್ತೇ? ರಾಧಿಕಾಳ ಮುಖ ಬಿಳಿಚಿತು. ಅರ್ಥದ ಪಾಠ ಹೇಳುವವಳು ಕೈ ಹಿಂದಕ್ಕೆಳೆದುಕೊಂಡಳು.

“ಹೆಚ್ಚಿದಾವವ್ವಾ, ಹೆಚ್ಚಿದಾವ!”

“ಇರಲಿ ಚಾಚಿ. ನೀವು ಹೋಗ್ರಿ, ಬಸ್ ತಪ್ತದ.”

ನಜಮುನ್ನಿಸಾ ಹೋಗಲಿಲ್ಲ. ಬುಟ್ಟಿ ಮುಚ್ಚಿ ಅಂಗಳದ ಬೇವಿನ ನೆರಳಿಗೆ ಕೂತಳು. ಎರಡರ ಬಸ್ಸು ಹೋಯಿತು, ನಾಲ್ಕರದೂ ಹೋಯಿತು. ಒಳಗೆ ಫೋನು ಸದ್ದಾದಾಗಲೆಲ್ಲ ಬಾಗಿಲಿನತ್ತ ಕತ್ತು ಚಾಚುತ್ತಿದ್ದಳು. ಒಮ್ಮೆ ಗ್ಯಾಸಿನವನು, ಒಮ್ಮೆ ಹೆಡ್‌ಮಾಸ್ತರರು. ಯಾ ಅಲ್ಲಾ, ಆ ಹುಡುಗನಿಗೆ ಏನಾದರೂ ಆದರೆ ನಾನು ಇನ್ಯಾವ ಹೆಣ್ಣುಮಗಳ ಕೈ ಹಿಡಿಯಲಿ? ಬೆಳಗಿನ ರೊಟ್ಟಿಯ ಗಂಟು ಬಿಚ್ಚುವುದನ್ನೂ ಮರೆತಳು.

ಐದು ಗಂಟೆಗೆ ರಾಧಿಕಾ ಬಾಗಿಲಿಗೆ ಬಂದಳು. ಅಳುತ್ತಿದ್ದಳು.

“ಕಣ್ಣು ತೆರದಾರಂತ್ರಿ ಚಾಚಿ! ನಾನು ಊಟ ಮಾಡೇನೋ ಇಲ್ಲೋ ಅಂತ ಕೇಳಿದ್ರಂತ.” ಆಮೇಲೆ ಕಣ್ಣೊರೆಸಿಕೊಂಡು, “ಇನ್ನೂ ಇಲ್ಲೇ ಅದೀರಿ? ಯಾಕ ಹೋಗ್ಲಿಲ್ರಿ?” ಎಂದಳು.

“ನನ್ನ ಮಾತು ನಿಮ್ಮ ಮನ್ಯಾಗ ಬಿದ್ದಿತ್ತವ್ವಾ. ಅದನ್ನ ಬಿಟ್ಟು ಹ್ಯಾಂಗ ಹೋಗ್ಲಿ?”

ರಾಧಿಕಾ ಅವಳೆದುರು ನೆಲಕ್ಕೇ ಕೂತು ಕೈ ಚಾಚಿದಳು. “ಹೆಚ್ಚಿದ್ದು ಐದನೇದಲ್ಲೇನ್ರಿ? ಅಲ್ಲಿಂದನ ಇಡ್ರಿ.”

ನಜಮುನ್ನಿಸಾ ಬುಟ್ಟಿ ತೆರೆದು ಎಲ್ಲಕ್ಕಿಂತ ಅಗಲದ ಹಸಿರು ಬಳೆ ಆರಿಸಿದಳು. ಆ ಒಂದು ಬಳೆ ಇಡಲು ಬಹಳ ಹೊತ್ತು ಹಿಡಿಯಿತು.