ಅಡುಗೆಮನೆಯ ಹೆಡ್‌ಮೇಡಂ

ಮೂವರು ಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಈ ತಾಯಿಗೆ ಗಂಡ ಇಟ್ಟಿರುವ ಹೆಸರು ಹೆಡ್‌ಮೇಡಂ. ಊಟದ ಮೇಜೇ ಅವಳ ಶಾಲೆ, ಸೌಟೇ ಬೆತ್ತ. ಒಂದು ಕುಂಬಳಕಾಯಿ ಸಿಕ್ಕಿದರೆ ಆ ದಿನದ ಪಾಠವೆಲ್ಲ ಮುಗಿದ ಹಾಗೆಯೇ: ದೊಡ್ಡವಳು ಅದನ್ನು ನೀರಲ್ಲಿ ಮುಳುಗಿಸಿ ಘನಫಲ ಅಳೆಯಬೇಕು, ನಡುವಿನವನು ಹೋಳು ಮಾಡಿ ಭಿನ್ನರಾಶಿ ಕಲಿಯಬೇಕು, ಚಿಕ್ಕವನು ಬೀಜ ಎಣಿಸಬೇಕು, ಆಮೇಲೆ ಆ ಪಠ್ಯಪುಸ್ತಕವೇ ಒಲೆಯ ಮೇಲೆ ಬೇಯುತ್ತದೆ. ಚಿಕ್ಕವನು "ಅಮ್ಮಾ, ಹಸಿವು" ಅಂದರೆ, "ಪಾಠದ ಹೊತ್ತಲ್ಲಿ ಇಲ್ಲಿ ಅಮ್ಮ ಯಾರೂ ಇಲ್ಲ, ಮೇಡಂ ಅನ್ನು" ಎಂದು ಗದರುತ್ತಾಳೆ. ಮರುಗಳಿಗೆಗೆ ಆ ಮೇಡಮ್ಮೇ ಎದ್ದು ಬಾಳೆಹಣ್ಣು ಸುಲಿದು ಕೊಡುತ್ತಾಳೆ. ಗಂಡ ಬಾಗಿಲಲ್ಲಿ ಇಣುಕಿದರೆ, "ತಡವಾಗಿ ಬಂದವರು ಹೊರಗೇ ನಿಲ್ಲಿ!" ಈಚೀಚೆಗೆ ಮಾತ್ರ ದೊಡ್ಡವಳ ಲೆಕ್ಕಗಳ ತಲೆಬುಡ ಅವಳಿಗೆ ತಿಳಿಯುವುದಿಲ್ಲ. ಆದರೂ ಕನ್ನಡಕ ಏರಿಸಿ ಹಾಳೆ ಹಿಡಿಯುತ್ತಾಳೆ. ಅಷ್ಟು ದೊಡ್ಡ ಲೆಕ್ಕದ ನಡುವೆ ಎಲ್ಲೋ ಒಂದು ಕಡೆ, ಏಳಕ್ಕೆ ಐದು ಕೂಡಿಸಿದರೆ ಹದಿಮೂರು ಎಂಬಂಥ ತಪ್ಪೊಂದು ದಿನವೂ ಅವಳಿಗಾಗಿ ಕಾದಿರುತ್ತದೆ. ಇಷ್ಟು ಜಾಣೆ ಮಗಳು ಅಷ್ಟು ಸಣ್ಣ ತಪ್ಪು ಯಾಕೆ ಮಾಡುತ್ತಾಳೆಂದು ತಾಯಿಗೆ ಗೊತ್ತು. "ಗಮನ ಎಲ್ಲಿತ್ತೇ ನಿಂದು?" ಎಂದು ಗದರಿ, ಅದಕ್ಕೆ ಕೆಂಪು ಸುತ್ತು ಹಾಕುತ್ತಾಳೆ. ಮಗಳು ತಲೆ ತಗ್ಗಿಸಿ, "ತಪ್ಪಾಯ್ತು, ಮೇಡಂ" ಅನ್ನುತ್ತಾಳೆ.