ಬೀಗರ ತೂಕವೂ ಜುಂಬೆರಿಯ ಮೀನಿನ ತೊಟ್ಟಿಯೂ

ಜುಂಬೆರಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ತೂಕ ನೆನಪಿರುತ್ತದೆ. ಮಾರ್ತಪುರಾ ನದಿಯಲ್ಲಿ ಈ ದಡದಿಂದ ಆ ದಡಕ್ಕೆ ಮೋಟಾರು ದೋಣಿ ಓಡಿಸುವವನಿಗೆ ಅದಕ್ಕಿಂತ ಹೆಚ್ಚಿನ ಪರಿಚಯ ಬೇಕಾಗಿಯೂ ಇಲ್ಲ. ಕಟ್ಟೆಯ ಮೇಲೆ ನಿಂತವರನ್ನು ಒಮ್ಮೆ ಕಣ್ಣಲ್ಲೇ ತೂಗಿ, "ಅರ್ಧ ಜನ ಆ ಕಡೆ, ದಪ್ಪಗಿರೋರು ಮೊದಲು" ಎಂದು ಕೂಗಿ ಕೂರಿಸುತ್ತಾನೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮುಳುಗುವುದಕ್ಕಿಂತ ದಪ್ಪ ಅನ್ನಿಸಿಕೊಳ್ಳುವುದು ವಾಸಿ ಎಂದು ಬಂಜಾರ್‌ಮಾಸಿನ್ ಊರಿನವರಿಗೆಲ್ಲ ಗೊತ್ತು.

ಅವನ ಮನೆಯೂ ನೀರಿನ ಮೇಲೆಯೇ. ತೋಳಲ್ಲಿ ತಬ್ಬಲಾಗದಷ್ಟು ದಪ್ಪನೆಯ ದಿಮ್ಮಿಗಳನ್ನು ಒಟ್ಟಿಗೆ ಬಿಗಿದು, ಮೇಲೆ ಹಲಗೆ ಹಾಸಿ, ಅದರ ಮೇಲೆ ಕಟ್ಟಿದ ತೇಲುವ ಮನೆ. ನದಿ ಏರಿದರೆ ಮನೆ ಏರುತ್ತದೆ, ಇಳಿದರೆ ಇಳಿಯುತ್ತದೆ. ತೇಲಿ ಹೋಗದಂತೆ ಎರಡು ಹಗ್ಗದಿಂದ ದಡದ ಕಂಬಕ್ಕೆ ಕಟ್ಟಿದ್ದಾರೆ. ಇಂಥ ಮನೆಯಲ್ಲಿ ಹುಟ್ಟಿದವರಿಗೆ ಅದು ಅಲ್ಲಾಡುತ್ತದೆ ಅನ್ನುವುದೇ ತಿಳಿಯುವುದಿಲ್ಲ. ತಿಳಿಯುವುದು ಬೀಗರಿಗೆ.

ಜುಂಬೆರಿಯ ಒಬ್ಬಳೇ ಮಗಳು ರಾವುದಾ. ಅವಳು ಮೆಚ್ಚಿದ ಹುಡುಗ ಹಿಪ್ನಿ ನದಿಯಾಚೆ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನಾ ಜುಂಬೆರಿಯ ದೋಣಿಯಲ್ಲೇ ದಾಟುತ್ತಿದ್ದ. ಹಾಗಾಗಿ ಹೆಸರು ಗೊತ್ತಾಗುವ ಮೊದಲೇ ಅವನ ತೂಕ ಜುಂಬೆರಿಗೆ ಗೊತ್ತಿತ್ತು: ಐವತ್ತೆಂಟು ಕಿಲೋ, ಮಧ್ಯಾಹ್ನದ ಊಟ ಆದ ಮೇಲೆ ಐವತ್ತೊಂಬತ್ತು. ಮೈಯನ್ನು ಒಂದೇ ಕಡೆ ಇಟ್ಟು ಕೂರುವ, ಎದ್ದೆದ್ದು ಮೊಬೈಲು ನೋಡದ ಹುಡುಗ. ಅಳಿಯನಲ್ಲಿ ಇನ್ನೇನು ಹುಡುಕಬೇಕು?

ತಕರಾರು ಇದ್ದದ್ದು ಹುಡುಗನ ತಾಯಿಯದು. ಹಜ್ಜಾ ಮಸ್ರೂಪಾ ಅಂದರೆ ನದಿಯ ಹೆಸರನ್ನೇ ಹೊತ್ತ ಮಾರ್ತಪುರಾ ಪೇಟೆಯಲ್ಲಿ ಎರಡಂತಸ್ತಿನ ಇಟ್ಟಿಗೆ ಮನೆಯ ಒಡತಿ, ಮೆಕ್ಕಾ ಕಂಡು ಬಂದು ಹಜ್ಜಾ ಎನಿಸಿಕೊಂಡವರು, ಗಂಡನನ್ನು ಕಳೆದುಕೊಂಡವರು, ನೆಲ ಬಿಟ್ಟು ಕಾಲಿಡದವರು. ನಮ್ಮಲ್ಲಿ ಮದುವೆಯಾದ ಹುಡುಗ ಮೊದಲ ಕೆಲವು ವರ್ಷ ಹೆಂಡತಿಯ ಮನೆಯಲ್ಲೇ ಇರಬೇಕು. ಅದೇ ಅವರಿಗೆ ನುಂಗಲಾರದ ತುತ್ತಾಗಿತ್ತು. ಸಂಬಂಧ ಕೇಳಲು ಹೋಗಿದ್ದವಳು ಜುಂಬೆರಿಯ ಪಕ್ಕದ ಮನೆಯ ಮಸ್ತೋರಾ. ಬೆಳಗ್ಗೆ ಪುಟ್ಟ ದೋಣಿಯಲ್ಲಿ ಸಿಹಿ ಕಡುಬು ಮಾರುತ್ತಾ ಊರಿನ ಸುದ್ದಿಯನ್ನೆಲ್ಲ ಪುಕ್ಕಟೆ ಹಂಚುವ ಹೆಂಗಸು. ಅವಳು ತಂದ ಉತ್ತರ ಇಷ್ಟೇ.

"ಚಹಾ ಕಪ್ಪಲ್ಲಿ ನಿಲ್ಲದ ಮನೆಗೆ ನನ್ನ ಮಗನ್ನ ಹೇಗೆ ಕಳಿಸ್ಲಿ ಅಂದ್ರು ಕಣೋ ಜುಂಬೆರಿ."

ಇನ್ನೊಬ್ಬನಾಗಿದ್ದರೆ ಹಜ್ಜಾರನ್ನು ಕರೆದು ಒಂದು ಕಪ್ಪು ಚಹಾ ಮುಂದಿಟ್ಟು ತೋರಿಸುತ್ತಿದ್ದ. ಜುಂಬೆರಿ ಹಾಗಲ್ಲ, ಮೂರು ದಿನ ಲೆಕ್ಕ ಹಾಕಿದ. ಆಮೇಲೆ ತನ್ನ ಉದ್ದಕ್ಕಿಂತ ಉದ್ದನೆಯ ಗಾಜಿನ ಮೀನಿನ ತೊಟ್ಟಿಯೊಂದನ್ನು ದೋಣಿಯಲ್ಲಿ ಹೇರಿಕೊಂಡು ಬಂದ.

ಅವನ ಲೆಕ್ಕ ಅವನಿಗೆ. ಮಾಮೂಲಿ ಮೀನಿನ ತೊಟ್ಟಿಯಲ್ಲಿ ಮೇಲೆ ನಾಲ್ಕು ಬೆರಳು ಖಾಲಿ ಬಿಡುತ್ತಾರೆ. ಅದು ಹೇಡಿಗಳ ತೊಟ್ಟಿ. ಪೇಟೆಯ ದೊಡ್ಡ ಹೋಟೆಲಿನ ಬಾಗಿಲಲ್ಲಿ ಅವನು ಬೇರೊಂದು ಬಗೆಯದನ್ನು ನೋಡಿದ್ದ. ಅದರಲ್ಲಿ ನೀರು ಸದಾ ಅಂಚಿನವರೆಗೂ ನಿಂತಿರುತ್ತದೆ. ಹೆಚ್ಚಾದದ್ದು ಒಂದು ತುದಿಯ ಕಿಂಡಿಯಿಂದ ಕೊಳವೆಗಿಳಿದು ಕೆಳಗಿನ ಸಂಪಿಗೆ ಬೀಳುತ್ತದೆ, ಅಲ್ಲಿ ಸೋಸಿ ಶುದ್ಧವಾಗುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಅಂಚಿನವರೆಗೆ ತುಂಬಿದ ನೀರು ತನ್ನ ಮನೆಯಲ್ಲಿ ಒಂದು ಹನಿ ಚೆಲ್ಲದೆ ನಿಂತರೆ ಹಜ್ಜಾ ಇನ್ನೇನು ಹೇಳಿಯಾರು ಎಂಬುದು ಅವನ ವಾದ. ಕೆಳಗೆ ಇಡೀ ನದಿಯೇ ಹರಿಯುತ್ತಿರುವಾಗ ಅದರ ಮೇಲೊಂದು ತೊಟ್ಟಿ, ತೊಟ್ಟಿಯ ಕೆಳಗೊಂದು ಸಂಪು, ಸಂಪಿನ ಕೆಳಗೆ ಮತ್ತೆ ನದಿ. ಕೇಳಿದವರು ಅವನ ಮುಖ ನೋಡಿ ತಮ್ಮ ಕೆಲಸಕ್ಕೆ ಹೋದರು. ಮಸ್ತೋರಾ ಮಾತ್ರ ಹಲಗೆಯ ಸಂದಿಯಲ್ಲಿ ಕೆಳಗೆ ಬಗ್ಗಿ, ಇಲ್ಲಿರುವ ಮೀನುಗಳು ಏನು ಪಾಪ ಮಾಡಿದ್ದವು ಎಂದು ಕೇಳಿದಳು.

ಮೀನು ಮಾರುವವರ ಹಳೆಯ ಐಸ್ ಪೆಟ್ಟಿಗೆಯೇ ಸಂಪಾಯಿತು. ಗಾಜಿನ ತುಂಡುಗಳನ್ನು ಅಡ್ಡಡ್ಡ ಅಂಟಿಸಿ ಅದನ್ನು ಮೂರು ಭಾಗ ಮಾಡಿದ. ಮೊದಲನೆಯದರಲ್ಲಿ ಕಸ ಹಿಡಿಯಲು ದಿಂಬಿನ ಹತ್ತಿ (ದಿಂಬು ಹೆಂಡತಿ ಅರ್ಬಾಯಾಳದು), ಎರಡನೆಯದರಲ್ಲಿ ಒಡೆದ ಹೆಂಚು ಮತ್ತು ಚಿಪ್ಪು, ಮೂರನೆಯದರಲ್ಲಿ ಪಂಪು. ನೀರು ಒಂದು ಗಾಜಿನ ಮೇಲೆ ಹತ್ತಿ, ಇನ್ನೊಂದರ ಅಡಿಯಲ್ಲಿ ನುಸುಳಿ ಬರಬೇಕು. ಮೊದಲ ದಿನ ಎಲ್ಲ ಸೊಗಸಾಗಿ ಓಡಿತು. ಆಮೇಲೆ ಕರೆಂಟು ಹೋಯಿತು. ಪಂಪು ನಿಂತದ್ದೇ ತಡ, ನೀರು ಬಂದ ಕೊಳವೆಯಲ್ಲೇ ಹಿಂದಕ್ಕೆಳೆದುಕೊಂಡು ಮೇಲಿನ ತೊಟ್ಟಿಯೆಲ್ಲ ಕೆಳಗಿಳಿಯಿತು. ಸಂಪು ತುಂಬಿ, ಅಡುಗೆಮನೆ ತುಂಬಿ, ಹಲಗೆ ಸಂದಿಯಲ್ಲಿ ನದಿ ಸೇರಿತು. ಜೊತೆಗೆ ಒಂದು ಮೀನೂ ಹೋಯಿತು. ಮರುದಿನ ಕೊಳವೆಗೆ ನೀರಿನ ಮಟ್ಟಕ್ಕಿಂತ ಚೂರೇ ಕೆಳಗೆ ಸಣ್ಣ ತೂತು ಕೊರೆದ, ಗಾಳಿ ಒಳಗೆ ನುಗ್ಗಿ ಎಳೆತ ಮುರಿಯಲಿ ಎಂದು. ಸಂಪಿನಲ್ಲೂ ಅಷ್ಟು ನೀರಿಗೆ ಜಾಗ ಬಿಟ್ಟ. ಇಷ್ಟು ಬುದ್ಧಿ ಇರುವವನು ಉಳಿದದ್ದರಲ್ಲಿ ಹೀಗೇಕೆ ಎಂದು ನಾವು ಬಹಳ ಸಲ ಮಾತಾಡಿಕೊಂಡಿದ್ದೇವೆ.

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ನೀರಿಳಿಯುವ ಕಿಂಡಿ ಇದ್ದದ್ದು ತೊಟ್ಟಿಯ ದಡದ ಕಡೆಯ ತುದಿಯಲ್ಲಿ, ಅಡುಗೆಮನೆಯ ಪಕ್ಕ. ಮನೆ ನದಿಯ ಕಡೆಗೆ ಒಂದು ಬೆರಳು ವಾಲಿದರೂ ನೀರೆಲ್ಲ ನದಿಯ ಕಡೆಯ ತುದಿಗೆ ಸರಿದು ಅಂಚಿನ ಮೇಲೆ ಚೆಲ್ಲುತ್ತಿತ್ತು. ಈ ತುದಿಯ ಕಿಂಡಿಗೆ ನೀರೇ ಬಾರದೆ ಸಂಪು ಬತ್ತಿ, ಪಂಪು ಗಾಳಿ ಕುಡಿದು ಕತ್ತೆಯ ಹಾಗೆ ಅರಚುತ್ತಿತ್ತು. ವಾಲಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಒಗೆದ ಬಟ್ಟೆಯ ಬಕೆಟ್ಟು ಸಾಕು, ಅರ್ಬಾಯಾ ನದಿಯ ಕಡೆಯ ಮುಂಬಾಗಿಲಲ್ಲಿ ಕೂತು ತಲೆ ಬಾಚಿಕೊಂಡರೆ ಸಾಕು.

ಜುಂಬೆರಿ ಗಾರೆಯವರ ರಸಮಟ್ಟವೊಂದನ್ನು ತಂದು ತೊಟ್ಟಿಗೆ ಅಂಟಿಸಿದ. ಅವತ್ತಿನಿಂದ ಆ ಮನೆಯನ್ನು ಆಳಿದ್ದು ರಸಮಟ್ಟದ ಒಳಗಿನ ಗುಳ್ಳೆ. ಗುಳ್ಳೆ ನಡುವಿನಲ್ಲಿದ್ದರೆ ಊಟ, ಇಲ್ಲದಿದ್ದರೆ ಯಾರಾದರೂ ತಟ್ಟೆ ಹಿಡಿದುಕೊಂಡು ಜಾಗ ಬದಲಿಸಬೇಕು. ರಾವುದಾ ಓಡಾಡಬೇಕಾದರೆ ಅರ್ಬಾಯಾ ಎದುರು ದಿಕ್ಕಿಗೆ ಅಷ್ಟೇ ಹೆಜ್ಜೆ ಓಡಾಡಬೇಕು. ಇದಲ್ಲದೆ ಅಡುಗೆಮನೆಯ ಕಡೆ ಒಂದು ಮೂಲೆಯಲ್ಲಿ ಮರಳಿನ ಮೂಟೆಯೊಂದನ್ನು ತಂದು ಇಟ್ಟ. ಅದಕ್ಕೆ ಎಡವಿ ಅರ್ಬಾಯಾಳ ಕಾಲ್ಬೆರಳು ಊದಿಕೊಂಡಿತು. ಅದರ ಬದಲು ಅಕ್ಕಿ ಮೂಟೆಯನ್ನಾದರೂ ಇಡು ಎಂದರೆ, ಅಕ್ಕಿ ಖರ್ಚಾಗುತ್ತದೆ, ಇದು ಖರ್ಚಾಗಬಾರದು ಎಂದ. ಯಾಕೆ ಎಂದರೆ ಹೇಳಲಿಲ್ಲ.

"ರಾವುದಾಳ ಅಬಾ, ಒಂದು ಮಾತು ಹೇಳ್ಬಿಡಿ. ನಾನು ನಿಮಗೆ ಹೆಂಡ್ತಿನೋ, ಇನ್ನೊಂದು ಮೂಟೆನೋ?"

ಜುಂಬೆರಿ ಗುಳ್ಳೆ ನೋಡುತ್ತಿದ್ದ. ಎರಡೂ, ಎಂದ. ಅವತ್ತು ಅವಳು ಒಲೆ ಹಚ್ಚಲಿಲ್ಲ.

ಕಡೆಗೂ ಹಜ್ಜಾ ಒಪ್ಪಿದರು. ಮದುವೆಗಲ್ಲ, ಮನೆ ನೋಡಲು. ಅಂಚಿನವರೆಗೆ ನೀರು ತುಂಬಿದ ತೊಟ್ಟಿ ಹನಿ ಚೆಲ್ಲದೆ ನಿಂತಿದೆಯಂತೆ ಎಂದು ಮಸ್ತೋರಾ ಸುದ್ದಿ ಮುಟ್ಟಿಸಿದ್ದಳು. ನಿಂತಿದ್ದರೆ ಹೆಣ್ಣು ಕೇಳಿಯೇ ಏಳುತ್ತೇನೆ, ನಿಲ್ಲದಿದ್ದರೆ ಮತ್ತೆ ಈ ಮಾತು ಎತ್ತಬಾರದು ಎಂದು ಹೇಳಿ ಕಳಿಸಿದರು. ರಾವುದಾಳ ಮುಖ ಬಿಳಿಚಿಕೊಂಡಿತು. ಪಂಪು ಆರಿಸಿ ನಾಲ್ಕು ಬೆರಳು ನೀರು ತೆಗೆದುಬಿಡು ಅಬಾ, ಯಾರಿಗೂ ಗೊತ್ತಾಗಲ್ಲ ಎಂದು ಗೋಗರೆದಳು. ಜುಂಬೆರಿ ಕೇಳಲಿಲ್ಲ. ಮೋಸ ಮಾಡಿ ಅಳಿಯನನ್ನು ತರುವವನು ತಾನಲ್ಲ ಎಂದ.

ಆ ವಾರವೆಲ್ಲ ತಾಲೀಮು. ಬರುವವರು ಹನ್ನೆರಡು ಮಂದಿ ಎಂದು ತಿಳಿದು, ಅಷ್ಟೇ ನೆರೆಹೊರೆಯವರನ್ನು ಸಂಜೆ ಸಂಜೆ ಕರೆದು ಕೂರಿಸಿ, ಎಬ್ಬಿಸಿ, ಸರಿಸಿ ನೋಡಿದ. ಬೀಗರ ಪಾತ್ರಕ್ಕೆ ಸಿಹಿ ಸಿಗುತ್ತದೆಂದು ಕೆಲವರು ಕರೆಯದಿದ್ದರೂ ಬಂದರು. ತಾಲೀಮಿನ ಕೊನೆಗೆ ಎಲ್ಲರೂ ಮೊದಲಿಗಿಂತ ತೂಕ ಹೆಚ್ಚಿಸಿಕೊಂಡಿದ್ದರಿಂದ ಲೆಕ್ಕವೆಲ್ಲ ಮತ್ತೆ ಹಾಕಬೇಕಾಯಿತು.

ಆ ದಿನ ಬಂತು. ಜುಂಬೆರಿ ತಾನೇ ದೋಣಿಯಲ್ಲಿ ಬೀಗರನ್ನು ಕರೆತಂದ. ಹಜ್ಜಾ ಕಾಲಿಟ್ಟಾಗ ದೋಣಿ ಎಷ್ಟು ತಗ್ಗಿತು ಎಂದು ನೋಡಿಯೇ ಅವರ ಜಾಗ ಗೊತ್ತುಮಾಡಿದ: ತೊಟ್ಟಿಯ ಸರಿ ನಡುವಿಗೆ ಎದುರಾಗಿ, ಕೆಂಪು ದಿಂಬಿನ ಮೇಲೆ. ಉಳಿದವರನ್ನು ಮರ್ಯಾದೆಯ ನೆಪದಲ್ಲಿ ಒಬ್ಬೊಬ್ಬರನ್ನೇ ಕೈಹಿಡಿದು ಕೂರಿಸಿದ. ಹಿಪ್ನಿ ತಲೆತಗ್ಗಿಸಿ ಬಾಗಿಲ ಬಳಿ ಕೂತ. ಗುಳ್ಳೆ ನಡುವಿನಲ್ಲಿ ನಿಂತಿತು. ಅಂಚಿನವರೆಗೂ ತುಂಬಿದ ನೀರು ಕನ್ನಡಿಯ ಹಾಗಿತ್ತು. ಹಜ್ಜಾ ಅದನ್ನೇ ನೋಡಿದರು, ಚಹಾ ಕಪ್ಪನ್ನು ನೋಡಿದರು, ಮತ್ತೆ ತೊಟ್ಟಿ ನೋಡಿದರು. ಬಾಯಿ ತೆರೆದರು, ಏನೋ ಹೇಳಲಿಕ್ಕೆ.

ಅಷ್ಟರಲ್ಲಿ ಮೀನುಗಳು ಮಲಗಿದವು.

ಜುಂಬೆರಿ ಪಕ್ಕದ ಬರಿತೊ ನದಿಯಿಂದ ತಂದು ಬಿಟ್ಟಿದ್ದ ಹುಲಿಪಟ್ಟೆಯ ಮೀನುಗಳಿಗೆ ಅದೊಂದು ಚಟ. ಹೊಟ್ಟೆ ತುಂಬಿದರೆ ತಳಕ್ಕಿಳಿದು ಪಕ್ಕಕ್ಕೆ ಮಗುಚಿ ಸತ್ತಂತೆ ಬಿದ್ದುಕೊಳ್ಳುತ್ತವೆ. ಬೀಗರು ಬರುವ ಖುಷಿಗೆ ಅರ್ಬಾಯಾ ಬೆಳಗ್ಗೆ ಎರಡು ಪಾಲು ತಿನ್ನಿಸಿದ್ದಳು. ಎಲ್ಲವೂ ಒಟ್ಟಿಗೆ, ನದಿಯ ಕಡೆಯ ಮೂಲೆಯಲ್ಲಿ, ಸಾಲಾಗಿ ಮಗುಚಿಕೊಂಡವು.

ಬೀಗರಲ್ಲಿ ಯಾರೋ ಒಬ್ಬಳು, ಅಯ್ಯೋ ಮೀನೆಲ್ಲ ಸತ್ತುಹೋದವು ಎಂದಳು. ಶುಭದ ಮಾತಾಡುವ ಹೊತ್ತಿಗೆ ಎದುರಿಗೇ ಸಾವು. ಹನ್ನೆರಡು ಮಂದಿಯೂ ದಡಬಡ ಎದ್ದು ಆ ಮೂಲೆಗೆ ನುಗ್ಗಿದರು. ಹಜ್ಜಾ ಎಲ್ಲರಿಗಿಂತ ಮುಂದೆ. ಮನೆ ಮುಗ್ಗರಿಸಿದ ಎಮ್ಮೆಯಂತೆ ನದಿಯ ಕಡೆಗೆ ತಗ್ಗಿತು. ತೊಟ್ಟಿಯ ನೀರು ಅಂಚು ದಾಟಿ ಹಜ್ಜಾರ ರೇಷ್ಮೆ ಉಡುಪಿನ ಮೇಲೆ ಬಿತ್ತು. ಪಂಪು ಅರಚಿತು. ಸತ್ತ ಮೀನುಗಳು ಎದ್ದು ದಿಕ್ಕಾಪಾಲಾಗಿ ಓಡಿದವು. ಕಡುಬಿನ ತಟ್ಟೆಗಳು ತಾವಾಗಿಯೇ ಮುಂಬಾಗಿಲಿನತ್ತ ಹೊರಟವು. ಇಷ್ಟು ವರ್ಷ ದೋಣಿ ನಡೆಸಿದ ಜುಂಬೆರಿಯ ಬಾಯಿಂದ ಅವನನ್ನು ಕೇಳದೆ ಕೂಗು ಹೊರಟಿತು.

"ಅರ್ಧ ಜನ ಆ ಕಡೆ! ದಪ್ಪಗಿರೋರು ಮೊದಲು!"

ಪಂಪು ಅರಚುತ್ತಲೇ ಇತ್ತು. ರಾವುದಾ ಗೋಡೆಗೆ ಮುಖ ಮಾಡಿ ನಿಂತಳು. ಅರ್ಬಾಯಾ ತಲೆವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳ ಬಾಳನ್ನು ತನ್ನ ನಾಲಗೆಯೇ ನುಂಗಿಹಾಕಿತು ಎಂದು ಜುಂಬೆರಿಗೆ ಅನ್ನಿಸಿ, ನಿಂತ ಹಲಗೆ ಬಾಯಿಬಿಟ್ಟು ತನ್ನನ್ನೂ ನದಿಗೆ ಇಳಿಸಬಾರದೇ ಎಂದುಕೊಂಡ.

ಹಜ್ಜಾ ಒದ್ದೆಯಾದ ಆ ರೇಷ್ಮೆಯನ್ನು ಎತ್ತಿ ಹಿಂಡಿದರು. ಒಂದೊಂದೇ ಹೆಜ್ಜೆ ಇಡುತ್ತಾ, ಏರಾದ ಹಲಗೆಯ ಮೇಲೆ ನಡೆದು, ಅಡುಗೆಮನೆಯ ಮೂಲೆಗೆ ಹೋಗಿ ಮರಳಿನ ಮೂಟೆಯ ಮೇಲೆ ಕೂತರು. ಅವರನ್ನು ನೋಡಿ ಇನ್ನೂ ನಾಲ್ಕೈದು ಮಂದಿ ಹಿಂದೆ ಹೋದರು. ಮನೆ ನಿಧಾನವಾಗಿ ತಲೆಯೆತ್ತಿತು.

"ಈಗ ಸರಿಯಾಯ್ತಾ?"

ಜುಂಬೆರಿ ಗುಳ್ಳೆ ನೋಡಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಒಂದು ಗೇಣು ಹಿಂದಕ್ಕೆ, ಹಜ್ಜಾ."

ಅವರು ಸರಿದರು. ಕಿಂಡಿ ಗುಳುಗುಳು ಅಂದಿತು, ಸಂಪಿಗೆ ನೀರಿಳಿಯಿತು, ಪಂಪು ಬಾಯಿ ಮುಚ್ಚಿತು, ಗುಳ್ಳೆ ನಡುವಿಗೆ ಬಂದು ನಿಂತಿತು. ಹಜ್ಜಾ ಅಷ್ಟು ದೂರದಿಂದ ಅದನ್ನೇ ನೋಡುತ್ತಿದ್ದರು. ಬೇಕೆಂದೇ ಸ್ವಲ್ಪ ಮುಂದಕ್ಕೆ ಬಾಗಿದರು. ಗುಳ್ಳೆ ಅಲುಗಿತು. ಹಿಂದಕ್ಕೆ ಒರಗಿದರು. ಗುಳ್ಳೆ ಮರಳಿ ಬಂತು.

"ಮಾರ್ತಪುರಾದ ಮನೇಲಿ ಕೆಳಗೆ ಐದು ಕೋಣೆ, ಮೇಲೆ ಐದು," ಎಂದರು. "ನಾನು ಯಾವ ಮೂಲೇಲಿ ಕೂತ್ರೂ ಆ ಮನೆಗೆ ಗೊತ್ತಾಗಲ್ಲ. ನಾನಿಲ್ದಿದ್ರೂ ಗೊತ್ತಾಗಲ್ಲ."

ಮಸ್ತೋರಾ ತಲೆ ತಗ್ಗಿಸಿ ಬಿದ್ದ ಕಡುಬು ಆರಿಸತೊಡಗಿದಳು.

"ಹಿಪ್ನಿ ಇಲ್ಲಿಗೆ ಬಂದ್ರೆ, ಅವನನ್ನ ಯಾವ ಕಡೆ ಮಲಗಿಸ್ತೀರಿ?" ಎಂದು ಹಜ್ಜಾ ಕೇಳಿದರು.

ಜುಂಬೆರಿ ಈ ಪ್ರಶ್ನೆಗೆ ಎಷ್ಟೋ ತಿಂಗಳಿಂದ ಕಾದಿದ್ದ.

"ನೀವು ಕೂತಿರೋದೇ ಅವನ ಜಾಗ, ಹಜ್ಜಾ. ಆ ಮೂಟೆ ಐವತ್ತೆಂಟು ಕಿಲೋ. ತೊಟ್ಟಿ ಕಟ್ಟೋಕೆ ಕೂತಾಗ್ಲೇ ಅವನ ಲೆಕ್ಕ ಹಿಡಿದೇ ಕಟ್ಟಿದ್ದು. ಆ ತೂಕ ಅಲ್ಲಿಲ್ದೆ ಈ ಮನೆ ಮಟ್ಟಕ್ಕೆ ಬರಲ್ಲ."

ಅರ್ಬಾಯಾ ಬಾಯಿಂದ ಸೆರಗು ತೆಗೆದು ಆ ಮೂಟೆಯನ್ನು ಹೊಸದಾಗಿ ನೋಡಿದಳು. ಇಷ್ಟು ದಿನ ದಿನಕ್ಕೆರಡು ಸಲ ಅಳಿಯನಿಗೆ ಎಡವಿ ಅಳಿಯನನ್ನೇ ಬೈದಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬಾಗಿಲ ಬಳಿ ಹಿಪ್ನಿ ಕಿವಿಯವರೆಗೂ ಕೆಂಪಾಗಿದ್ದ.

ಹಜ್ಜಾ ತಾವು ಕೂತಿದ್ದ ಮೂಟೆಯನ್ನು ಮಗುವಿನ ಬೆನ್ನು ತಟ್ಟಿದಂತೆ ಮೆಲ್ಲಗೆ ತಟ್ಟಿದರು.

"ಊಟ ಆದ್ಮೇಲೆ ಒಂದು ಕಿಲೋ ಜಾಸ್ತಿ ಹಿಡ್ಕೊಳ್ಳಿ," ಎಂದರು.

ಹೆಣ್ಣು ಕೇಳುವ ಶಾಸ್ತ್ರಕ್ಕೆ ನಮ್ಮಲ್ಲಿ ಉದ್ದುದ್ದ ಪದ್ಯಗಳಿವೆ. ಅವತ್ತು ಯಾರೂ ಅವನ್ನು ಹೇಳಲಿಲ್ಲ, ಯಾರಿಗೂ ಕೊರತೆ ಅನ್ನಿಸಲಿಲ್ಲ. ಹಜ್ಜಾ ಹೊರಡುವವರೆಗೂ ಆ ಮೂಲೆ ಬಿಟ್ಟು ಏಳಲಿಲ್ಲ. ಚಹಾ ಅಲ್ಲಿಗೇ ಹೋಯಿತು, ಕಪ್ಪಿನಲ್ಲಿ ನಿಂತಿತು.

ಮದುವೆಯ ಮರುದಿನ ಬೆಳಗ್ಗೆ, ಹಿಪ್ನಿ ಆ ಮೂಲೆಯಲ್ಲಿ ಇನ್ನೂ ಮಲಗಿರುವಾಗಲೇ, ಜುಂಬೆರಿ ಆ ಮರಳಿನ ಮೂಟೆಯನ್ನು ಸದ್ದಾಗದಂತೆ ಬಾಗಿಲವರೆಗೆ ಎಳೆದು ನದಿಗೆ ದೂಡಿದ. ಒಳಗೆ ಬಂದು ತೊಟ್ಟಿಯ ಮುಂದೆ ನಿಂತ. ಗುಳ್ಳೆ ನಡುವಿನಲ್ಲೇ ಇತ್ತು.